ಅಮ್ಮ ಎಂದು ಕೂಗುವ ಕಾಡುಕುರಿ

ನಮ್ಮ ಮನೆಯಿಂದ ಹೋದದ್ದು ಅಡುಗೆಮನೆಯ ಮಾತು. ಅದಿಲ್ಲದೆ ಸಾರು ಸಪ್ಪೆ, ಮಜ್ಜಿಗೆ ಸಪ್ಪೆ, ಊಟಕ್ಕೆ ಕೂತವರ ಮುಖವೂ ಸಪ್ಪೆ. ಡಬ್ಬಿ ಇದೆ, ಡಬ್ಬಿಯಲ್ಲಿ ಆ ಬಿಳಿಯದೂ ಇದೆ, ಹೆಸರು ಮಾತ್ರ ಇಲ್ಲ. ಬಾಯಿಗೆ ಬರುವುದಿಲ್ಲ, ಬರೆಯಹೊರಟರೆ ಕೈ ನಿಲ್ಲುತ್ತದೆ. ನೀವು ಅಂದುಕೊಂಡದ್ದೇ ಅದು. ನಮ್ಮ ಮಾವ ಊಟಕ್ಕೆ ಕೂತು "ಬಿಳೀದು ಹಾಕವ್ವ" ಎಂದಾಗ ನಾನು ಮೊಸರು ಬಡಿಸಿ ಬೈಸಿಕೊಂಡದ್ದಿದೆ. ಆ ಮಾತಿನಿಂದ ಶುರುವಾಗುವ ಕಾಯಿಗೂ ನಮ್ಮಲ್ಲಿ ಬರೀ ಕಾಯಿ ಎಂದೇ ಹೆಸರು. ಅಂಗಡಿಯಲ್ಲಿ ಹಾಗೆ ಕೇಳಿದರೆ ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ಅದಕ್ಕೇ ಅಂಗಡಿಗೆ ಹೋಗುವಾಗ ಪಕ್ಕದ ಮನೆಯ ಸಿದ್ದಾಜಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಮಾತನ್ನು ಅವಳು ಹೇಳುತ್ತಾಳೆ, ಅವಳ ಮಾತನ್ನು ನಾನು ಹೇಳುತ್ತೇನೆ.

ಅವಳ ಮನೆಯಿಂದ ಹೋದದ್ದು 'ಸಾಕು'. ನೆಂಟರ ಮನೆಯಲ್ಲಿ ಬಡಿಸುತ್ತಲೇ ಹೋದರೆ ಅವಳಿಗೆ ಕೈ ಅಡ್ಡ ಹಿಡಿಯುವುದೊಂದೇ ದಾರಿ. ಕೈಯ ಮೇಲೇ ಬಿಸಿ ಸಾರು ಬಿಟ್ಟವರಿದ್ದಾರೆ. ಮೊಮ್ಮಕ್ಕಳು ಜಗಲಿಯ ಮೇಲೆ ಕುಣಿಯುತ್ತಲೇ ಇದ್ದರೆ ಅವಳು ಗೋಡೆಯಾಚೆಯಿಂದ ನನ್ನ ಮುಖ ನೋಡುತ್ತಾಳೆ. ನಾನು ಇಲ್ಲಿಂದಲೇ "ಸಾಕು ಕಣ್ರೋ!" ಎಂದು ಕೂಗುತ್ತೇನೆ. ಇದಕ್ಕೆ ನಮ್ಮ ಕೇರಿಯಲ್ಲಿ ಮಾತಿನ ಕೈಗಡ ಎನ್ನುತ್ತೇವೆ. ಕೊಟ್ಟವರೂ ನೆನಪಿಡುವುದಿಲ್ಲ, ಪಡೆದವರೂ ನೆನಪಿಡುವುದಿಲ್ಲ.

ಊರಿನ ಬೆನ್ನಿಗೆ ತೋಪು ಇದೆ. ತಾನಾಗಿ ಬೆಳೆದ ಕಾಡಲ್ಲ, ಸಾಲು ಹಿಡಿದು ನೆಟ್ಟು ಸಾಕಿದ ತೋಪು. ಅದನ್ನು ತುಂಡು ಮಾಡಿ, ಸರದಿಯ ಮೇಲೆ ವರ್ಷಕ್ಕೊಂದು ತುಂಡು ಕಡಿಯುತ್ತಾರೆ. ಕಡಿದ ಬುಡಗಳು ಒಂದು ಮಳೆ ಬಿದ್ದರೆ ಸಾಕು, ಗೊಂಚಲು ಗೊಂಚಲಾಗಿ ಚಿಗುರುತ್ತವೆ. ಆ ಚಿಗುರಿನ ತುದಿ ಎಂದರೆ ಕಾಡುಕುರಿಗಳಿಗೆ ಪ್ರಾಣ. ಹೆಸರಿಗೆ ಕುರಿ, ನಿಜಕ್ಕೆ ಅದೊಂದು ಸಣ್ಣ ಜಿಂಕೆ. ನಾಯಿಯಷ್ಟು ಎತ್ತರ, ಕೆಂಗಂದು ಮೈ, ಏನೋ ಕಳೆದುಕೊಂಡದ್ದನ್ನು ಹುಡುಕುವ ಹಾಗೆ ತಲೆ ತಗ್ಗಿಸಿ ನಡೆಯುತ್ತದೆ. ಬೇರೆ ಊರುಗಳಲ್ಲಿ ಬರೀ ಬೊಗಳುತ್ತದಂತೆ. ನಮ್ಮ ತೋಪಿನದು ಮಾತು ಕೂಗುತ್ತದೆ. ಮರಿಯಾಗಿದ್ದಾಗ ಸಂಜೆಯ ಹೊತ್ತು ಹಿತ್ತಲ ಬೇಲಿಯ ಹತ್ತಿರ ಬಂದು ಕಿವಿ ನಿಮಿರಿಸಿ ನಿಲ್ಲುತ್ತದೆ. ಮನೆಯವರು ಆಡುವ ಮಾತಿನಲ್ಲಿ ಯಾವುದೋ ಒಂದು ಅದಕ್ಕೆ ಹಿಡಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅದರ ಜನ್ಮಕ್ಕೆಲ್ಲ ಅದೊಂದೇ ಮಾತು. ಮುಪ್ಪಾಗಿ ಸತ್ತರೆ ಮನೆಗೇನೂ ಆಗುವುದಿಲ್ಲ. ಗುಂಡೇಟಿಗೆ ಸತ್ತರೆ ಆ ಮಾತು ಆ ಮನೆಯಿಂದ ಹೋಗುತ್ತದೆ.

ಬೇಟೆಯೇ ಕೂಡದು ಎನ್ನುವವಳಲ್ಲ ನಾನು. ನಮ್ಮ ಯಜಮಾನರು ಜವರಯ್ಯ ತೋಪಿನಲ್ಲಿ ಸಸಿ ನೆಡುವವರು. ಮಳೆಗಾಲವೆಲ್ಲ ಬಗ್ಗಿ ನೆಟ್ಟದ್ದನ್ನು ಕುರಿಗಳು ಒಂದೇ ಸಂಜೆ ಚಿವುಟಿ ಹಾಕಿದಾಗ ಅವರ ಮುಖ ನೋಡಿದ್ದೇನೆ. ಹಿಂಡು ಹೆಚ್ಚಾದರೆ ತೋಪು ಬೋಳಾಗುತ್ತದೆ, ತೋಪು ಬೋಳಾದರೆ ಊರಿಗೆ ಸೌದೆಯಿಲ್ಲ. ಒಂದಷ್ಟನ್ನು ಹೊಡೆಯಲೇಬೇಕು, ಹೊಡೆದಾಗ ಮಾಂಸದ ಪಾಲು ನಮ್ಮ ಕೇರಿಗೂ ಬರುತ್ತದೆ, ನಾನೂ ಮಸಾಲೆ ಅರೆದಿದ್ದೇನೆ. ಆದರೆ ಯಾವುದನ್ನು ಹೊಡೆಯಬೇಕು ಎನ್ನುವವರು ಯಾರು? ತೋಪಿನ ಪಾರುಪತ್ಯೆಗಾರ ಸಣ್ಣರಂಗಪ್ಪನವರು ಮತ್ತು ಅವರ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುವ ನಾಲ್ಕು ಜನ. ಅವರೆಲ್ಲ ದೊಡ್ಡ ಬೀದಿಯವರು. ದೊಡ್ಡ ಬೀದಿಯ ಮನೆಗಳ ಹಿತ್ತಲಿಗೆ ಆಳೆತ್ತರದ ಕಲ್ಲಿನ ಗೋಡೆ, ಮರಿಗಳು ಅಲ್ಲಿ ಕಿವಿಗೊಡಲಾರವು. ನಮ್ಮ ಕೇರಿಗೆ ಕಳ್ಳಿಯ ಬೇಲಿ. ಹಾಗಾಗಿ ತೋಪಿನಲ್ಲಿ ಕೂಗುವುದೆಲ್ಲ ನಮ್ಮ ಮಾತು, ಹೋಗುವುದೂ ನಮ್ಮದೇ. ದೊಡ್ಡ ಬೀದಿಯಲ್ಲಿ ಇವತ್ತಿಗೂ ಒಂದೇ ಒಂದು ಮಾತೂ ಕಡಿಮೆಯಾಗಿಲ್ಲ. ಅವರ ಮನೆಯ ಬೈಗುಳಗಳು ಕೂಡ ಅಜ್ಜನ ಕಾಲದಿಂದ ಹಾಗೇ ಇವೆ.

ಬೇಟೆಗೆ ಒಂದು ಕ್ರಮವಿದೆ. ಮೊದಲು ತಮಟೆಯವನು ಬಂದು ಯಾವ ಮನೆಯ ಯಾವ ಮಾತು ಎಂದು ಸಾರುತ್ತಾನೆ. ಆ ಮನೆಯವರು ಬೇಟೆಯ ಸಂಜೆಯವರೆಗೆ ಆ ಮಾತನ್ನು ಆಸೆ ತೀರ ಆಡಿಕೊಳ್ಳುತ್ತಾರೆ. ಸಂಜೆಗೆ ಬೇಟೆಗಾರ ಮಾಯಿಗಯ್ಯ ಬೆಂಕಿರೇಖೆಯ ಪಕ್ಕದ ಅಟ್ಟಣೆ ಹತ್ತುತ್ತಾನೆ. ಬೆಂಕಿ ಹಬ್ಬದಿರಲೆಂದು ಮರಗಳ ನಡುವೆ ಬಿಟ್ಟ ಅಗಲವಾದ ಬಯಲು ದಾರಿ ಅದು. ಕುರಿ ಅಲ್ಲಿಗೆ ಬಂದು ತನ್ನ ಮಾತು ಕೂಗಬೇಕು. ಆಗ ಮಾಯಿಗಯ್ಯ ಅದೇ ಮಾತನ್ನು ಮೂರು ಸಲ, ಊರಿಗೆ ಕೇಳುವ ಹಾಗೆ ಕೂಗಬೇಕು. ಇದಕ್ಕೆ ಮಾತು ಒಪ್ಪಿಸುವುದು ಎನ್ನುತ್ತಾರೆ. ಸೊಪ್ಪಿಗೋ ಸೌದೆಗೋ ತೋಪಿನೊಳಗೆ ಹೋದವರಿದ್ದರೆ ಅದನ್ನು ಕೇಳಿ "ಓ" ಎನ್ನಬೇಕು. ಓ ಬಂತೆಂದರೆ ಬಂದೂಕು ಇಳಿಸಬೇಕು, ಆ ಮಾತಿನ ಕುರಿಯನ್ನು ಆಮೇಲೆ ಮುಟ್ಟಬಾರದು. ಮನುಷ್ಯರು ಓಗೊಟ್ಟ ಮೇಲೆ ಗುಂಡು ಹಾರಿಸಿದ ಕೈ ಕೆಡುತ್ತದೆ ಎಂಬುದು ಹಿರಿಯರ ಕಾಲದಿಂದ ಬಂದದ್ದು. ಹಾಗೆಂದು ಕುರಿ ಉಳಿಸಿಕೊಳ್ಳಲು ಯಾರಾದರೂ ಸುಳ್ಳು ಓ ಎಂದರೆ, ಆ ಮನೆಯವರು ಮತ್ತೆ ತೋಪಿಗೆ ಕಾಲಿಡುವಂತಿಲ್ಲ. ಸೌದೆಯಿಲ್ಲ, ಸೊಪ್ಪಿಲ್ಲ, ಕೂಲಿಯಿಲ್ಲ.

ಹೋದ ವರ್ಷ ಹೀಗೇ ಕೆಂಪರಾಜನ ಮನೆಯ 'ಯಾಕೆ' ಹೋಯಿತು. ಕೆಂಪರಾಜ ತೋಪಿನಲ್ಲಿ ಮರ ಕಡಿಯುವವನು, ಸಭೆಯಲ್ಲಿ ಎದ್ದು ನಿಂತು ಕೇಳುವ ಅಭ್ಯಾಸದವನು. ಅವನ ಹಿತ್ತಲಿಗೆ ಬಂದ ಮರಿ ಬೇರೆ ಯಾವ ಮಾತನ್ನು ತಾನೇ ಹಿಡಿದೀತು? ಅವತ್ತು ಮಾಯಿಗಯ್ಯ ಅಟ್ಟಣೆಯ ಮೇಲಿಂದ "ಯಾಕೇ... ಯಾಕೇ... ಯಾಕೇ..." ಎಂದು ಕೂಗಿದ. ನಾನು ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದೆ, ಕೇಳಿಸಿತು. ಊರಿಗೆ ಊರೇ ಕೇಳಿಸಿಕೊಂಡಿತು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಗುಂಡಿನ ಸದ್ದು. ಈಗಲೂ ಕೆಂಪರಾಜ ಸಭೆಯಲ್ಲಿ ಏಳುತ್ತಾನೆ, ಬಾಯಿ ತೆರೆಯುತ್ತಾನೆ, ಬರೀ ಗಾಳಿ ಬರುತ್ತದೆ. "ಏನೂ ಇಲ್ವಲ್ಲ, ಕೂತ್ಕೊಳ್ಳಪ್ಪ" ಎನ್ನುತ್ತಾರೆ ಸಣ್ಣರಂಗಪ್ಪನವರು. ಅವನು ಕೂರುತ್ತಾನೆ.

ನನ್ನ ಮಗಳು ಹೊನ್ನಿಗೆ ಮಾತು ತಡ. ನಡೆದಳು, ಓಡಿದಳು, ನುಗ್ಗೆ ಮರ ಹತ್ತಿ ಬಿದ್ದಳು, ಮಾತು ಮಾತ್ರ ಬರಲಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿದೆ, ಜೇನು ಹಚ್ಚಿದೆ, ಕಂಡವರೆಲ್ಲ ಹೇಳಿದ್ದನ್ನು ಮಾಡಿದೆ. ನಾಲ್ಕು ತುಂಬಿದ ಮೇಲೆ ಒಂದು ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಹಿಂದಿನಿಂದ "ಅಮ್ಮಾ" ಎಂದಳು. ಕೈಯಲ್ಲಿದ್ದ ಬೋಗುಣಿ ಜಾರಿತು. ಬೂದಿ ಮೆತ್ತಿದ ಕೈಯಲ್ಲೇ ಎತ್ತಿಕೊಂಡು, ಇನ್ನೊಂದ್ಸಲ ಅನ್ನು ಕಂದ, ಇನ್ನೊಂದ್ಸಲ ಎಂದು ಅನ್ನಿಸಿಕೊಂಡೆ. ಆ ಸಂತೋಷದಲ್ಲಿ ಬದನೆ ಗಿಡಗಳ ಆಚೆ ಒಂದು ಜೊತೆ ಕಿವಿ ನಿಮಿರಿದ್ದನ್ನು ನಾನು ನೋಡಲಿಲ್ಲ. ಮರುದಿನ ಸಂಜೆ ತೋಪಿನಿಂದ "ಅಮ್ಮಾ" ಎಂದು ಕೇಳಿಸಿತು.

ಹೊನ್ನಿಗೆ ಇವತ್ತಿಗೂ ಅದೊಂದೇ ಮಾತು. ಅದರಲ್ಲೇ ಅವಳ ಸಂಸಾರವೆಲ್ಲ ನಡೆಯುತ್ತದೆ. ಹಸಿವಾದರೆ ಗಿಡ್ಡ ಅಮ್ಮ, ನಿದ್ದೆ ಬಂದರೆ ಉದ್ದ ಅಮ್ಮ. ಗುಬ್ಬಿ ಕಂಡರೆ ಪಿಸುಮಾತಿನ ಅಮ್ಮ. ಅಜ್ಜನ ನಶ್ಯದ ಡಬ್ಬಿ ತಾನು ಚೆಲ್ಲಿಲ್ಲ ಎಂದು ಹೇಳಲು ಒಂದು ಅಮ್ಮ ಇದೆ, ಅದನ್ನು ಕೇಳಿದರೆ ಚೆಲ್ಲಿದ್ದು ಅವಳೇ ಎಂದು ಗೊತ್ತಾಗುತ್ತದೆ. ಅತ್ತ ತೋಪಿನ ಕುರಿಯೂ ಸಂಜೆಯಾದರೆ ಕೂಗುತ್ತದೆ. ಅದು ಕೂಗಿದಾಗಲೆಲ್ಲ ಊರಿನ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುತ್ತಾರೆ. ನಮ್ಮದಲ್ಲ, ಕುರಿ ಎಂದು ಗೊತ್ತಾಗಿ ನಗುತ್ತಾ ಒಳಗೆ ಹೋಗುತ್ತಾರೆ. ಮತ್ತೆ ಮರುದಿನ ಬರುತ್ತಾರೆ.

ಈ ವರ್ಷ ತಮಟೆಯವನು ನಮ್ಮ ಬಾಗಿಲ ಮುಂದೆ ನಿಂತ. ತಲೆ ಎತ್ತದೆ ಸಾರಿದ. "ಜವರಯ್ಯನ ಮನೆ ಅಮ್ಮಾ ಅನ್ನೋ ಮಾತು, ಬರೋ ಶುಕ್ರವಾರ ಸಂಜೆ ಕೇಳ್ರಪ್ಪೋ!"

ನಾನು ಹೊನ್ನಿಯನ್ನು ಸೊಂಟಕ್ಕೇರಿಸಿಕೊಂಡು ನೇರ ಸಣ್ಣರಂಗಪ್ಪನವರ ಜಗಲಿಗೆ ಹೋದೆ.

"ಏನಮ್ಮ ಮಾದೇವಿ, ಮಗು ಎತ್ಕೊಂಡು ಮೆರವಣಿಗೆ ಹೊರಟಿದ್ದೀಯ?" ಎಂದರು ಅವರು.

"ಸ್ವಾಮಿ, ಇವಳಿಗೆ ಇರೋದೇ ಅದೊಂದು ಮಾತು."

"ಅದಕ್ಕೇನೀಗ? ಅವ್ವ ಅನ್ನೋದು ಕಲಿಸು. ತಾಯಿ ಅನ್ನೋದು ಕಲಿಸು. ಒಂದೇ ಅರ್ಥಕ್ಕೆ ಮೂರು ಮಾತು ಇಟ್ಕೊಂಡು ಏನ್ಮಾಡ್ತೀರಿ ನೀವು? ಹೆಚ್ಚಿಗೆ ಇರೋದನ್ನೇ ತಾನೆ ನಾವು ತೆಗೀತಾ ಇರೋದು."

"ಹೆಚ್ಚಿಗೆ ಇರೋದು ಬೇರೆಯವರಿಗೆ ಸ್ವಾಮಿ. ಇವಳಿಗೆ ಇದು ಬರೋಕೇ ನಾಕು ವರ್ಷ ಆಯ್ತು."

"ನಾಕು ವರ್ಷ ಮಾತಿಲ್ದೆ ಇದ್ದೋಳು ಇನ್ನೊಂದು ನಾಕು ವರ್ಷ ಇರ್ತಾಳೆ ಬಿಡು!" ಎಂದರು. ಜಗಲಿಯ ಮೇಲಿನವರು ನಕ್ಕರು. ಒಬ್ಬರಿಗೆ ನಕ್ಕು ನಕ್ಕು ಎಲೆ ಅಡಿಕೆಯ ರಸ ಗಲ್ಲಕ್ಕಿಳಿಯಿತು.

ನಾನು ಸಿಟ್ಟನ್ನು ನುಂಗಿಕೊಂಡೆ. ಮಕ್ಕಳನ್ನು ಸಾಕಿದವರಿಗೆ ಆ ವಿದ್ಯೆ ತಾನಾಗಿ ಬರುತ್ತದೆ. "ಹೊಡೀಲೇಬೇಕು ಅಂದ್ರೆ, ನಮ್ಮ ಮಾವನ ಕೆಮ್ಮು ಹಿಡ್ಕೊಂಡಿರೋ ಮುದಿ ಗಂಡು ಒಂದು ತೋಪಲ್ಲಿದೆ ಸ್ವಾಮಿ. ಅದನ್ನ ಹೊಡೀರಿ. ಕುರಿಗೆ ಕುರೀನೂ ಹೋಯ್ತು, ನಮ್ಮ ಮಾವನ ಕೆಮ್ಮೂ ಹೋಯ್ತು. ಸಸಿ ಹೆಚ್ಚು ತಿನ್ನೋದೂ ಅದೇ, ನಮ್ಮನೆಯವರನ್ನೇ ಕೇಳಿ ನೋಡಿ."

"ಮುದಿ ಗಂಡಿನ ಮಾಂಸ ಯಾರಮ್ಮ ತಿಂತಾರೆ, ನಾರು ನಾರು" ಎಂದು ಅವರ ಬಾಯಿಂದ ಬಂದುಬಿಟ್ಟಿತು. ಕೂಡಲೇ ಗಂಟಲು ಸರಿಮಾಡಿಕೊಂಡು, ಆ ಕುರಿ ಕೂಗಿ ಕೂಗಿ ಊರ ಹೆಂಗಸರ ಕೆಲಸ ಕೆಡುತ್ತಿದೆ, ತಮ್ಮ ಮನೆಯಲ್ಲೂ ಮೊನ್ನೆ ಹಾಲು ಉಕ್ಕಿಹೋಯಿತು, ಊರಿನ ಹಿತವನ್ನೂ ನೋಡಬೇಕು ಎಂದೆಲ್ಲ ಹೇಳಿದರು. ಅಷ್ಟರಲ್ಲಿ ಒಳಗಿನಿಂದ ಮಸಾಲೆ ಹುರಿಯುವ ವಾಸನೆ ಬಂತು. ಅವರ ಮಗನಿಗೆ ಹೆಣ್ಣು ಕೊಡುವವರು ಶುಕ್ರವಾರ ಬರುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಬೀಗರ ಎಲೆಗೆ ಎಳೆಯ ಮಾಂಸ ಬೇಕಾಗಿತ್ತು. ಅದಕ್ಕೆ ನನ್ನ ಮಗಳ ಬಾಯಿ.

ಮನೆಗೆ ಬಂದು ಯಜಮಾನರ ಹತ್ತಿರ ಕೂಗಾಡಿದೆ. ಅವರು ಸಸಿಯ ಮಣ್ಣು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ತೊಳೆಯುತ್ತಾ ಕೂತಿದ್ದರು.

"ಸನ್ನೆ ಕಲಿಸೋಣ ಬಿಡೆ" ಎಂದರು ಕೊನೆಗೆ.

"ನಿಮಗೂ ಅವರೇ ಸರಿ ಅನ್ನಿಸ್ತದಾ?"

"ಸರಿ ಅಂತ ಯಾರಂದ್ರು? ನಾವು ಏನಾದ್ರೂ ಅಂದ್ರೆ ನಾಳೆ ತೋಪಿನ ಬಾಗ್ಲು ಮುಚ್ತಾರೆ. ಆಮೇಲೆ ಒಲೆಗೆ ಏನಿಡ್ತೀಯ, ಸನ್ನೇನಾ?"

ಎದ್ದು ಹೋಗಿ ಮುದ್ದೆಗೆ ಎಸರಿಟ್ಟೆ. ಸಿಟ್ಟು ಬಂದ ದಿನ ಮುದ್ದೆ ಚೆನ್ನಾಗಿ ಬರುತ್ತದೆ, ಗಂಟೆಂಬುದು ಒಂದೂ ಉಳಿಯುವುದಿಲ್ಲ. ಕೋಲು ಹಿಡಿದು ತೊಳಸುತ್ತಿದ್ದೆ. ಒಳಕೋಣೆಯಿಂದ ಹೊನ್ನಿ "ಅಮ್ಮಾ" ಎಂದಳು. "ಓ" ಎಂದೆ.

ಕೈಯಲ್ಲಿದ್ದ ಕೋಲು ನಿಂತಿತು.

ನಾನು ಯೋಚಿಸಿ ಓ ಎಂದಿರಲಿಲ್ಲ. ದಿನಕ್ಕೆ ಎಷ್ಟು ಸಲ ಅನ್ನುತ್ತೇನೋ, ಅದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಇಷ್ಟು ವರ್ಷ ಅವರು ಹೊಡೆಸಿದ್ದೆಲ್ಲ ಎಂಥ ಮಾತು? ಸಾಕು ಎಂದರೆ ಯಾರೂ ಓ ಎನ್ನುವುದಿಲ್ಲ. ಯಾಕೆ ಎಂದರೂ ಎನ್ನುವುದಿಲ್ಲ. ಡಬ್ಬಿಯಲ್ಲಿರುವ ಬಿಳಿಯದನ್ನು ಕೂಗಿದರೆ ಅದೇನು ಎದ್ದು ಬಂದೀತೇ? ಇದು ಹಾಗಲ್ಲ. ಇದು ಕರೆಯುವ ಮಾತು. ದೊಡ್ಡ ಬೀದಿಯ ಅಷ್ಟು ತಲೆಗಳು ಸೇರಿ ಮಾಂಸ ಎಳೆಯದೋ ಬಲಿತದ್ದೋ ಎಂದು ನೋಡಿದವೇ ಹೊರತು ಮಾತನ್ನು ನೋಡಲಿಲ್ಲ.

ಮುದ್ದೆ ತಳ ಹಿಡಿಯಿತು. ಇಳಿಸಿಟ್ಟು ಸಿದ್ದಾಜಮ್ಮನ ಮನೆಗೆ ಓಡಿದೆ.

"ಅತ್ತೆ, ಕರೆದಾಗ ಓ ಅನ್ನೋದು ಸುಳ್ಳಾ?"

ಅವಳು ಹುಣಿಸೆಹಣ್ಣು ಬಿಡಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದು ಬೀಜವನ್ನು ಬಾಯಿಗೆ ಹಾಕಿ ಚೀಪಿದಳು. "ಯಾರು ಅಮ್ಮಾ ಅಂದ್ರೂ ನಾನು ಓ ಅಂತೀನಪ್ಪ. ಏಳು ಹೆತ್ತೋಳು. ಯಾವ ದನಿ ಯಾರ್ದು ಅಂತ ಈ ವಯಸ್ಸಲ್ಲಿ ನಂಗೇನು ತಿಳೀತದೆ?" ಎಂದಳು. ಆಮೇಲೆ ಕಣ್ಣು ಸಣ್ಣಗೆ ಮಾಡಿ, "ಶುಕ್ರವಾರ ಸೊಪ್ಪು ತರೋಕೆ ಹೋಗ್ತಿದೀಯಾ?" ಎಂದಳು.

"ಹೋಗ್ತಿದೀನಿ."

"ದನದ ಕೊಟ್ಟಿಗೇಲಿ ಸೊಪ್ಪೇ ಇಲ್ಲ ನೋಡು ನಮ್ಮಲ್ಲೂ. ಕೆಂಪರಾಜನ ಹೆಂಡ್ತೀಗೂ ಹೇಳ್ತೀನಿ, ಅವಳ ಕೊಟ್ಟಿಗೇಲೂ ಇಲ್ಲ." ಅವಳ ಮನೆಯಲ್ಲಿ ದನವಿಲ್ಲದೆ ಎಷ್ಟೋ ಕಾಲವಾಗಿತ್ತು.

ಶುಕ್ರವಾರದವರೆಗೆ ಹೊನ್ನಿ ಎಷ್ಟು ಸಲ ಅಮ್ಮಾ ಎಂದಳೋ ಅಷ್ಟು ಸಲವೂ ನಾನು ಮುಖ ಎತ್ತಿ ನೋಡಿದೆ. ಒಂದು ವೇಳೆ ಇದೇ ಕೊನೆಯದಾದರೆ ಎಂದು. ಅವಳಿಗೇನೂ ಗೊತ್ತಿರಲಿಲ್ಲ. ಅಂಗಳದಲ್ಲಿ ಇರುವೆಗಳನ್ನು ಅಮ್ಮಾ ಎಂದು ಹೆದರಿಸುತ್ತಿದ್ದಳು. ಶುಕ್ರವಾರ ಸಂಜೆ ಕುಡುಗೋಲು ಮಂಕರಿ ತೆಗೆದುಕೊಂಡು ಹೊರಟಾಗ ನಾನು ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ನಮ್ಮ ಯಜಮಾನರು ಬಾಗಿಲಿಗೆ ಬಂದು ನಿಂತರು. ನನ್ನ ಸೀರೆ ನೋಡಿದರು. ಅದು ಮಾಸಿದ ಕೆಂಗಂದು.

"ಈ ಬಣ್ಣ ಉಟ್ಕೊಂಡು ಪೊದೇಲಿ ಕೂತ್ರೆ ಕುರಿ ಅಂದ್ಕೊಂಡಾರು" ಎಂದರು. "ಬಿಳೀದು ಉಟ್ಕೊ."

"ನಮ್ಮನೇಲಿ ಬಿಳೀದು ಡಬ್ಬೀಲಿರ್ತದೆ" ಎಂದೆ. ಅವರಿಗೂ ನಗು ಬಂತು, ನನಗೂ ಬಂತು, ಯಾಕೋ ಇಬ್ಬರ ಕಣ್ಣೂ ಒದ್ದೆಯಾಯಿತು. ನಾನು ಒಳಗೆ ಹೋಗಿ ಮದುವೆಯಲ್ಲಿ ಕೊಟ್ಟ ಬಿಳಿಯ ಸೀರೆ ಉಟ್ಟು ಬಂದೆ. ಅವರು ಹೊನ್ನಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು.

ಬೆಂಕಿರೇಖೆಯ ಎರಡೂ ಬದಿಗೆ ಕಡಿದ ಬುಡಗಳ ಚಿಗುರು ಎದೆಯೆತ್ತರ ಬೆಳೆದಿತ್ತು. ನಾವು ಹೆಂಗಸರು ಅಲ್ಲಲ್ಲಿ ಕೂತು ನಿಜವಾಗಿಯೂ ಸೊಪ್ಪು ಕೊಯ್ದೆವು, ಯಾರೂ ಸುಳ್ಳು ಎನ್ನಬಾರದು ನೋಡಿ. ಅಟ್ಟಣೆಯ ಮೇಲೆ ಮಾಯಿಗಯ್ಯ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೆಳಗೆ ಸಣ್ಣರಂಗಪ್ಪನವರು ಬೀಗರಿಗೆ ಕುರ್ಚಿ ಹಾಕಿಸಿದ್ದರು. ನಮ್ಮೂರಿನ ಬೇಟೆಯ ಚಂದ ತೋರಿಸಲು ಅವರನ್ನೂ ಕರೆತಂದಿದ್ದರು. ಬೀಗಿತ್ತಿ ದಪ್ಪ ಜರಿಯ ಸೀರೆ ಉಟ್ಟು, ಸೊಳ್ಳೆ ಹೊಡೆದುಕೊಳ್ಳುತ್ತಾ ಕೂತಿದ್ದಳು. ಬಿಸಿಲು ಮರದ ತುದಿಗೆ ಏರಿದಾಗ ಚಿಗುರಿನ ಪೊದೆಯಿಂದ ಕುರಿ ಹೊರಗೆ ಬಂತು. ಅಷ್ಟು ಹತ್ತಿರದಿಂದ, ಬೆಳಕಿನಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಸಣಕಲು ಕಾಲು, ಒದ್ದೆ ಮೂಗು, ಬಾಯಲ್ಲಿ ಇನ್ನೂ ಅಗಿಯದ ಒಂದು ಎಲೆ. ತಲೆ ಎತ್ತಿ "ಅಮ್ಮಾ" ಎಂದಿತು. ನನ್ನ ಮಗಳು ಮೊದಲ ಸಲ ಹೇಳಿದಾಗಿನ ಅದೇ ಎಳೆತ, ಕೊನೆಗೆ ಸ್ವಲ್ಪ ಮೇಲೇರುವ ಅದೇ ದನಿ.

ಮಾಯಿಗಯ್ಯ ಬಂದೂಕು ಎತ್ತಿದ. "ಅಮ್ಮ" ಎಂದ, ತನ್ನ ಎದೆಗೇ ಹೇಳಿಕೊಂಡ ಹಾಗೆ.

"ಜೋರಾಗಿ ಕೂಗೋ! ಮಾತು ಊರಿಗೆ ಕೇಳ್ಬೇಕು" ಎಂದರು ಸಣ್ಣರಂಗಪ್ಪನವರು.

"ಅಮ್ಮ" ಎಂದ ಮಾಯಿಗಯ್ಯ ಇನ್ನೊಮ್ಮೆ. ಅವನ ದನಿ ಮೇಲೇಳಲಿಲ್ಲ.

"ಥೂ ನಿನ್ನ! ಗಂಟ್ಲಲ್ಲಿ ಏನಿಟ್ಕೊಂಡಿದೀಯ? ನಿಮ್ಮಮ್ಮನ್ನ ಕೂಗಿದ ಹಾಗೆ ಕೂಗೋ!"

ಮಾಯಿಗಯ್ಯನ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ಆದರೂ ಅವನು ಹೇಳಿದ ಹಾಗೇ ಮಾಡಿದ. "ಅಮ್ಮಾ!" ಎಂದು ಅವನು ಕೂಗಿದ್ದು ತೋಪಿನ ಆಚೆ ತುದಿಗೆ ಮುಟ್ಟಿ ಬಂತು.

"ಓ" ಎಂದೆ ನಾನು, ಎದ್ದು ನಿಂತು.

"ಓ, ಬಂದೆ ಕಣಪ್ಪಾ" ಎಂದಳು ಬೇಲದ ಮರದ ಕೆಳಗಿನಿಂದ ಸಿದ್ದಾಜಮ್ಮ. "ಓ" ಎಂದಳು ಕೆಂಪರಾಜನ ಹೆಂಡತಿ. ಆ ಬದಿಯಿಂದ ಒಂದು, ಈ ಬದಿಯಿಂದ ಒಂದು, ನಾವು ಹೇಳಿ ಕರೆದವರೂ, ಹೇಳದೆ ಬಂದವರೂ. ಅದಕ್ಕಿಂತ ದೂರದಿಂದ, ಊರಿನ ಹಿತ್ತಲುಗಳಿಂದ, ನೀರು ಸೇದುತ್ತಿದ್ದವರು, ಒಲೆ ಊದುತ್ತಿದ್ದವರು, ಏನು ಎತ್ತ ಎಂದು ತಿಳಿಯದೆಯೇ ಓ ಎಂದರು. ಕೊನೆಗೆ ಕುರ್ಚಿಯ ಮೇಲಿದ್ದ ಬೀಗಿತ್ತಿಯೂ "ಓ" ಎಂದುಬಿಟ್ಟಳು. ಅಂದವಳೇ ಬಾಯಿಗೆ ಸೆರಗು ಒತ್ತಿ, "ಅಯ್ಯೋ, ಅಭ್ಯಾಸ ಬಲ ನೋಡಿ" ಎಂದಳು.

ಕುರಿ ಬಾಲದ ಕೆಳಗಿನ ಬಿಳುಪು ತೋರಿಸಿ ಪೊದೆಗೆ ನೆಗೆಯಿತು. ಮಾಯಿಗಯ್ಯ ಬಂದೂಕಿನ ಮದ್ದು ಇಳಿಸಿದ.

"ಸುಳ್ಳು ಓ!" ಸಣ್ಣರಂಗಪ್ಪನವರು ನನ್ನ ಹತ್ತಿರಕ್ಕೆ ಬಂದರು. "ಗಂಡನ ಕೂಲಿ ಬೇಡ ಅನ್ನಿಸ್ತೇನೇ ನಿಂಗೆ? ಯಾರೇ ಕರೆದ್ರು ನಿನ್ನ?"

"ಮಾಯಿಗಯ್ಯ ಕರೆದ."

"ಅವನು ಮಾತು ಒಪ್ಪಿಸ್ದ!"

"ಅವನು ಅಮ್ಮಾ ಅಂದ. ನಾನು ಅಮ್ಮ. ಕರೆದ್ರೆ ಓ ಅನ್ನದೆ ಇದ್ರೆ ನಾನು ಎಂಥ ತಾಯಿ ಸ್ವಾಮಿ? ಇದ್ರಲ್ಲಿ ಸುಳ್ಳು ಎಲ್ಲಿದೆ ತೋರ್ಸಿ. ನಮ್ಮದು ಸುಳ್ಳಾದ್ರೆ ನಿಮ್ಮ ಬೀಗಿತ್ತಿಯವರದ್ದೂ ಸುಳ್ಳು. ಅವರಿಗೂ ತೋಪಿನ ಬಾಗ್ಲು ಮುಚ್ಚಿ."

ಬೀಗರು ನೆಲ ನೋಡಿದರು. ಇಷ್ಟು ಹೊತ್ತೂ ಸಿದ್ದಾಜಮ್ಮ ಓ, ಓ ಎನ್ನುತ್ತಲೇ ಇದ್ದಳು, ಉಸಿರು ತೆಗೆದುಕೊಂಡು ಮತ್ತೆ ಓ ಎನ್ನುತ್ತಿದ್ದಳು.

"ಸಾಕು, ಬಾಯ್ಮುಚ್ಚಮ್ಮ! ಸಾಕು ಅಂತಿದೀನಲ್ಲ!" ಎಂದು ಅರಚಿದರು ಸಣ್ಣರಂಗಪ್ಪನವರು.

"ಅದೆಂಥದೋ ಮಾತು ಸ್ವಾಮಿ" ಎಂದಳು ಅವಳು. "ನಮ್ಮನೇಲಿಲ್ಲ. ನೀವೇ ಹೊಡಿಸಿದ್ರಲ್ಲ?" ಎಂದು ಮತ್ತೆ ಶುರುಮಾಡಿದಳು. ಕೇಳಿದರೆ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಅದು ನನಗೆ ಗೊತ್ತು. ಅವರು ನನ್ನ ಕಡೆ ತಿರುಗಿದರು, ಅವಳ ಮಾತನ್ನು ನಾನು ಹೇಳಲಿ ಎಂದು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅವಳಿಗೆ ಕೈಗಡ ಕೊಡಲಿಲ್ಲ.

ಮಾಯಿಗಯ್ಯ ಏಣಿ ಇಳಿದು ಬಂದು, "ಓ ಬಂತು ಸ್ವಾಮಿ. ಇನ್ನು ನಾನು ಮುಟ್ಟಲ್ಲ, ಕೈ ಕೆಡ್ತದೆ" ಎಂದ. ನಮ್ಮ ಯಾರ ಮುಖವನ್ನೂ ನೋಡದೆ ಹೊರಟುಹೋದ. ಬೀಗರಿಗೆ ಅವತ್ತು ಹುರುಳಿಕಾಳಿನ ಸಾರಂತೆ.

ಮನೆಗೆ ಬಂದಾಗ ಹೊನ್ನಿ ಅಪ್ಪನ ಹೆಗಲ ಮೇಲೆ ಕೂತಿದ್ದಳು. ನನ್ನ ಬಿಳಿಯ ಸೀರೆ ನೋಡಿ ಗುರುತು ಸಿಗದವಳ ಹಾಗೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಅಮ್ಮಾ" ಎಂದಳು. ಅದು ಹಸಿವಿನ ಅಮ್ಮ. ನಾನು ಓ ಎಂದು ಒಲೆ ಹಚ್ಚಲು ಹೋದೆ.

ಮರುದಿನ ತಮಟೆಯವನು ಬಂದು, ಇನ್ನು ಮುಂದೆ ಕರೆಯುವ ಮಾತಿನ ಕುರಿಯನ್ನು ಹೊಡೆಯುವುದಿಲ್ಲ, ಪಾರುಪತ್ಯೆಗಾರರು ದೊಡ್ಡ ಮನಸ್ಸು ಮಾಡಿದ್ದಾರೆ ಎಂದು ಸಾರಿದ. ತೋಪಿನ ಬಾಗಿಲನ್ನೂ ಮುಚ್ಚಲಿಲ್ಲ, ಅಷ್ಟು ಮನೆಗಳಿಗೆ ಮುಚ್ಚಿದರೆ ಮರ ಕಡಿಯುವವರು ಯಾರು? ಕೇರಿಯಲ್ಲಿ ಬೆಲ್ಲ ಹಂಚಿದರು. ನಮ್ಮ ಮಾವ ಕೆಮ್ಮುತ್ತಾ, "ಹೋಗ್ಲಿ ಬಿಡವ್ವ, ದೊಡ್ಡ ಮನಸ್ಸು ಮಾಡಿದ್ರಲ್ಲ" ಎಂದರು. ಬೆಲ್ಲ ನನ್ನ ಬಾಯಲ್ಲಿ ಕಹಿಯಾಯಿತು. ಯಾರ ದೊಡ್ಡ ಮನಸ್ಸು? ನನ್ನ ಮಗಳ ಬಾಯಲ್ಲಿದ್ದದ್ದನ್ನು ನನ್ನ ಮಗಳ ಬಾಯಲ್ಲೇ ಬಿಟ್ಟದ್ದಕ್ಕೆ ನಾವು ಬೆಲ್ಲ ಹಂಚಬೇಕೇ? ಬೀದಿಯಾಚೆ ಕೆಂಪರಾಜ ಜಗಲಿಯ ಮೇಲೆ ಕೂತಿದ್ದ. ತಮಟೆ ಕೇಳಿ ಬಾಯಿ ತೆರೆದ. ಗಾಳಿ ಬಂತು. ಬಾಯಿ ಮುಚ್ಚಿದ.

ಅವತ್ತಿನಿಂದ ಸಂಜೆಯ ಪಾತ್ರೆಯನ್ನು ನಾನು ಬೇಕೆಂದೇ ತಡಮಾಡಿ ಬೆಳಗುತ್ತೇನೆ. ಈ ವರ್ಷದ ಮರಿಯೊಂದು ಬೇಲಿಗೆ ಬರತೊಡಗಿದೆ, ಬದನೆ ಗಿಡಗಳ ಆಚೆ ನಿಲ್ಲುತ್ತದೆ. ಮೊದಲಾದರೆ ಹುಶ್ ಎಂದು ಓಡಿಸುತ್ತಿದ್ದೆ. ಈಗ ಅದರ ಕಿವಿ ನನ್ನ ಕಡೆ ತಿರುಗುವವರೆಗೂ ಕಾಯುತ್ತೇನೆ. ಕೆಂಪರಾಜನ ಮನೆಯಿಂದ ಹೋದ ಮಾತು ನನ್ನ ಮನೆಯಲ್ಲಿ ಇನ್ನೂ ಇದೆ. ಹೊನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೋಗುಣಿ ತಿಕ್ಕುತ್ತಾ, ದಿನವೂ ಅದೊಂದನ್ನೇ ಬಿಡಿಸಿ ಬಿಡಿಸಿ ಜೋರಾಗಿ ಹೇಳುತ್ತೇನೆ. ಯಾಕೆ? ಯಾಕೆ? ಹೊನ್ನಿ ನನ್ನ ತುಟಿ ನೋಡುತ್ತಾಳೆ, ಮರಿಯೂ ನೋಡುತ್ತದೆ. ಇಬ್ಬರಲ್ಲಿ ಯಾರು ಮೊದಲು ಕಲಿತರೂ ಸರಿ. ಮರಿ ಕಲಿತರೆ ತೋಪಿನಿಂದ ಸಂಜೆ ಸಂಜೆಯೂ ದೊಡ್ಡ ಬೀದಿಯ ಗೋಡೆಗಳಿಗೆ ಅದನ್ನೇ ಕೂಗುತ್ತಿರಲಿ. ತಡೆಯಲಾಗದೆ ಹೊಡೆಸುತ್ತೇವೆ ಎಂದು ಅವರು ಬಂದರೆ ಬರಲಿ. ಹೊಡೆಯುವ ಮುಂಚೆ ಯಾಕೆ ಎಂದು ಮೂರು ಸಲ, ಊರಿಗೆ ಕೇಳುವ ಹಾಗೆ, ಅವರೇ ಕೂಗಬೇಕು. ಈ ಸಲ ನಾವು ಉತ್ತರ ಹೇಳುತ್ತೇವೆ.